ನೂರು ಸಲ ಅದೇ ಮರ

"ಆ ಚಿತ್ರ ಇತ್ಲಾಗೆ ಕೊಡು ಮರಿ, ತಲೆ ಹತ್ರ ಇಡ್ತೀನಿ" ಎಂದು ತೀರಿಕೊಂಡ ಮೇಡಂನ ಅಕ್ಕ ಚಿತಾಗಾರದಲ್ಲಿ ಕೈ ಚಾಚಿದಾಗ ಶಿಷ್ಯೆ ಅದನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು.

"ಬೇಡ ಆಂಟಿ. ಬೇರೆ ತರ್ತೀನಿ."

"ಬೇರೆ ಯಾಕೆ, ಇದೇ ಚೆನ್ನಾಗಿದೆಯಲ್ಲ." ಅಕ್ಕ ಕಿತ್ತುಕೊಂಡೇಬಿಟ್ಟರು. ಕಪ್ಪು ಹಾಳೆಯ ಮೇಲೆ ಎಲೆಯಿಲ್ಲದ ಬಿಳಿ ಮರ. "ಇಷ್ಟು ವರ್ಷ ಇದನ್ನ ನೋಡ್ಕೊಂಡು ಕೂತಿದ್ಲಾ ನಮ್ಮವಳು? ನಾನೇನೋ ದೊಡ್ಡ ಕೆಲಸ ಅಂದ್ಕೊಂಡಿದ್ದೆ."

ದೊಡ್ಡ ಕೆಲಸವೇ. ನೆಲದಡಿ ಹೋಗುವ ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆಗೆ ಹಿಟ್ಟಿಗಿಂತ ಎಷ್ಟೋ ನುಣ್ಣನೆಯ ಪುಡಿ ಬೆರೆಸಿದರೆ, ಅದನ್ನು ಸೀಳಿ ಹೊರಬರಲು ಕರೆಂಟು ಹೆಣಗಬೇಕಾಗುತ್ತದೆ. ಹೆಚ್ಚು ಬೆರೆಸಿದಿರೋ, ಪುಡಿ ಗಂಟುಕಟ್ಟಿ ತಾನೇ ಕರೆಂಟಿಗೆ ದಾರಿ ತೋರಿಸುತ್ತದೆ. ಎಷ್ಟು ಬೆರೆಸಬೇಕೆಂದು ಮೇಡಂ ಕಂಪ್ಯೂಟರಿನೊಳಗೇ ನೋಡುತ್ತಿದ್ದರು. ದಾಳ ಎಸೆದಂತೆ ಪ್ರತಿ ಸಲ ಪುಡಿಯನ್ನು ಬೇರೆ ಬೇರೆಯಾಗಿ ಹರಡುವುದು, ಕರೆಂಟು ಹರಿಸುವುದು, ಹೊದಿಕೆ ಕೊಂಬೆ ಕೊಂಬೆಯಾಗಿ ಸೀಳುವುದನ್ನು ಕಾಯುವುದು. ನೂರು ಸಲ ಮಾಡಿದರೆ ನೂರು ಬೇರೆ ಮರ ಮೂಡಬೇಕು.

ಬೆಳಿಗ್ಗೆ ಮೇಡಂನ ಯಜಮಾನರು "ಅವಳು ನೋಡ್ತಿದ್ದ ಮರದ್ದು ಒಂದು ಒಳ್ಳೇ ಚಿತ್ರ ತಾ" ಅಂದಿದ್ದಕ್ಕೆ ಶಿಷ್ಯೆ ಲ್ಯಾಬಿಗೆ ಓಡಿ, ಮೇಡಂ ಕೊನೆಗೆ ನಡೆಸಿದ ನೂರನ್ನೂ ತೆರೆದಿದ್ದಳು. ಚೆನ್ನಾಗಿರುವುದನ್ನು ಆರಿಸೋಣವೆಂದು. ಆರಿಸಲು ಏನಿತ್ತು, ಮಣ್ಣು! ನೂರೂ ಒಂದೇ ಮರ, ಕೊಂಬೆಗೆ ಕೊಂಬೆ. ಪ್ರೋಗ್ರಾಮಿನ ಯಾವುದೋ ದೋಷ ಹುಡುಕಲು ಮೇಡಂ ದಾಳವನ್ನು ಒಂದೇ ಅಂಕಿಗೆ ಕಟ್ಟಿಹಾಕಿ, ಆಮೇಲೆ ಬಿಚ್ಚುವುದನ್ನು ಮರೆತಿದ್ದರು. ಕಾಯಿಲೆಯಲ್ಲಿ ಯಾರಿಗೆ ಏನು ನೆನಪಿರುತ್ತದೆ? ನೂರು ಸಲ ನೋಡಿದೆ ಎಂದು ಅವರು ನಂಬಿದ್ದು ಬರೀ ಒಂದು ಸಲ. ಅದನ್ನೇ ನೆಚ್ಚಿಕೊಂಡು ಕೇಬಲ್ ಕಾರ್ಖಾನೆ ಇವತ್ತು ಮಧ್ಯಾಹ್ನ ಪುಡಿ ಬೆರೆಸಲು ಹೊರಟಿತ್ತು.

ಕಾರ್ಖಾನೆಯ ಮ್ಯಾನೇಜರೂ ಚಿತಾಗಾರಕ್ಕೆ ಬಂದಿದ್ದರು. "ಮೇಡಂ ಹೆಸರು ಉಳಿಯುತ್ತೆ ಬಿಡಿ, ಮಧ್ಯಾಹ್ನ ಮಿಕ್ಸರ್ ಶುರು" ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ಶಿಷ್ಯೆ ಅವರ ಹತ್ತಿರ ಹೋಗಿ ಬಾಯಿ ತೆರೆದಳು, ನೀರು ಬೇಕಾ ಸಾರ್ ಎಂದು ಕೇಳಿ ವಾಪಸು ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಸತ್ತವರ ಮುಂದೆಯೇ ಅವರ ಮಾನ ಕಳೆಯುವುದು ಹೇಗೆ? ಬಾಯಿ ಮುಚ್ಚಿಕೊಂಡಿರುವುದಾದರೂ ಹೇಗೆ?

*

ಮೇಡಂ ಸಿಡುಕಿ. ಊಟವನ್ನೂ ನಿಂತೇ ಮಾಡುವ ಪೈಕಿ. ಒಮ್ಮೆ ಅವರ ಎರಡು ತಿಂಗಳ ಕೆಲಸವನ್ನು ನೀರುಪಾಲು ಮಾಡುವ ಉತ್ತರವೊಂದು ಬಂದಾಗ ಶಿಷ್ಯೆ ಬಾಗಿಲಲ್ಲೇ ಅವರ ಮುಖ ನೋಡುತ್ತ ನಿಂತಿದ್ದಳು.

"ನನ್ನ ಮೂತೀಲಿ ಏನಿದೆ? ಪರದೆ ನೋಡು. ಒಡೆಯೋದು ಇಲ್ಲೇ ಒಡೀಲಿ. ಆಸ್ಪತ್ರೆ ಕೆಳಗಿನ ಕೇಬಲ್ ಒಡೆದ್ರೆ ಆಗ ಯಾರ ಮೂತಿ ನೋಡ್ತೀಯ?"

ಸಂಜೆ ಸೋಫಾ ರಿಪೇರಿ ಅಂಗಡಿ ಮುಚ್ಚಿ ಯಜಮಾನರು ಸ್ಕೂಟರಿನಲ್ಲಿ ಬಂದರು. "ಇವತ್ತು ಒಡೀತಾ?"

"ಚೆನ್ನಾಗೇ ಒಡೀತು."

"ಹಾಗಾದ್ರೆ ಹತ್ತು, ಮನೇಗೆ ಹೋಗೋಣ."

ಬೇರೆ ಗಂಡ ಹೆಂಡಿರು ತರಕಾರಿಯ ಮಾತಾಡಿದಂತೆ ಅವರಿಬ್ಬರೂ ಅದನ್ನು ಮಾತಾಡುತ್ತಿದ್ದರು.

*

ಯಜಮಾನರು ಚಿತಾಗಾರದ ಬೆಂಚಿನ ತುದಿಯಲ್ಲಿ ಕೂತು, ಅದರ ಹರಿದ ರೆಕ್ಸಿನ್ನನ್ನು ಬೆರಳಿನಿಂದ ಒಳಕ್ಕೆ ತುರುಕುತ್ತಿದ್ದರು. ಕೈಗೆ ಸುಮ್ಮನಿದ್ದು ಗೊತ್ತಿಲ್ಲ. ಶಿಷ್ಯೆ ಪಕ್ಕದಲ್ಲಿ ಕೂತಳು.

"ಅಂಕಲ್, ಇವತ್ತು ಹೇಳಬಾರದ ಮಾತು."

"ಹೇಳು."

ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ, ಅವಳ ಉತ್ತರ ತಪ್ಪಾ?"

"ಸರಿ ಇದ್ರೂ ಇರಬಹುದು. ಗೊತ್ತಿಲ್ಲ. ನೋಡಿರೋದೇ ಒಂದು ಸಲ."

"ಆಸ್ಪತ್ರೇಲಿ ಇದನ್ನೇ ಹೇಳ್ಕೊಂಡು ನಗ್ತಿದ್ಲು ಮಗಳೇ. ಸಾಧಿಸಿಬಿಟ್ಟೆ ಕಣ್ರೀ ಅಂತ." ಅವರು ರೆಕ್ಸಿನ್ನಿನ ತುದಿಯನ್ನು ಮತ್ತೆ ಒಳಕ್ಕೆ ಒತ್ತಿದರು. "ಒಂದು ವಾರ ಬಿಟ್ಟು ಹೇಳಿದ್ರೆ ಆಗಲ್ವಾ?"

"ಅಷ್ಟರಲ್ಲಿ ಕೇಬಲ್ ತಯಾರಾಗಿ ಹೊರಗೆ ಹೋಗಿರುತ್ತೆ."

ಶಿಷ್ಯೆಗೆ ಅಳು ತಡೆಯಲಾಗಲಿಲ್ಲ. ಯಜಮಾನರು ಕಣ್ಣೊರೆಸಿಕೊಂಡು ಎದ್ದವರೇ ನೆಟ್ಟಗೆ ಮ್ಯಾನೇಜರ ಬಳಿ ಹೋದರು.

"ಮಿಕ್ಸರ್ ನಿಲ್ಸಿ ಸಾರ್. ನನ್ನ ಹೆಂಡತಿ ತಪ್ಪು ಮಾಡಿದ್ದಾಳೆ."

ನೆರೆದಿದ್ದವರೆಲ್ಲ ಇತ್ತ ತಿರುಗಿದರು.

"ನಿಮಗೆ ಬುದ್ಧಿ ನೆಟ್ಟಗಿದೆಯಾ?" ಅಕ್ಕ ಕಿಡಿಕಿಡಿಯಾದರು. "ಅವಳಿನ್ನೂ ಇಲ್ಲೇ ಮಲಗಿದ್ದಾಳೆ."

"ಅದಕ್ಕೇ ಈಗ್ಲೇ ಹೇಳ್ತಿದೀನಿ ಅಕ್ಕ."

"ನಾವೂ ಪರೀಕ್ಷೆ ಮಾಡಿದ್ದೀವಲ್ಲ" ಎಂದು ಮ್ಯಾನೇಜರ್ ತಡವರಿಸಿದರು.

"ಒಂದು ತಿಂಗಳದ್ದು ಸಾರ್," ಶಿಷ್ಯೆ ಮುಂದೆ ಬಂದಳು. "ಅದು ನೆಲದಡಿ ನಲವತ್ತು ವರ್ಷ ಇರಬೇಕು. ನೂರೂ ಹೊಸದಾಗಿ ನಾನು ಮಾಡಿಕೊಡ್ತೀನಿ. ಅಲ್ಲೀವರೆಗೆ ಬೆರೆಸಬೇಡಿ."

ಮ್ಯಾನೇಜರ್ ಅವಳನ್ನು ನೋಡಿದರು, ಯಜಮಾನರನ್ನು ನೋಡಿದರು, ಬಿಳಿ ಬಟ್ಟೆ ಹೊದಿಸಿದ್ದ ಮೇಡಂ ಕಡೆ ನೋಡಲಾರದೆ ಫೋನು ಹಿಡಿದು ಗಾಜಿನ ಬಾಗಿಲಾಚೆ ನಡೆದರು.

ಅಷ್ಟರಲ್ಲಿ ಒಳಗಿನಿಂದ ಸಿಬ್ಬಂದಿ ಕರೆದ. "ನಿಮ್ಮದೇ ಸರದಿ, ತನ್ನಿ."

ನಾಲ್ವರು ಸ್ಟ್ರೆಚರಿಗೆ ಕೈ ಹಾಕಿದರು. ಯಜಮಾನರು ಅದರ ಕಂಬಿಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯನ್ನು ಸಿಬ್ಬಂದಿಯತ್ತ ಎತ್ತಿದರು. "ಸ್ವಲ್ಪ ತಡೀರಿ. ಆ ಫೋನ್ ಮುಗೀಲಿ."

"ಹಿಂದೆ ಇನ್ನೂ ಜನ ಇದ್ದಾರೆ ಸ್ವಾಮಿ."

ಅವರು ಎತ್ತಿದ ಕೈ ಇಳಿಸಲಿಲ್ಲ. ಗಾಜಿನಾಚೆ ಮ್ಯಾನೇಜರ್ ಅತ್ತಿಂದಿತ್ತ ತಿರುಗುತ್ತ ಫೋನಿನಲ್ಲಿ ಮಾತಾಡುತ್ತಲೇ ಇದ್ದರು. ಇತ್ತ ಕುಲುಮೆಯ ಬಾಗಿಲು ತೆರೆದೇ ನಿಂತಿತ್ತು.