ಸಣ್ಣ ತೂತು, ದೊಡ್ಡ ಪಟ್ಟಿ

ಮಿಶ್ರಿಕೋಟಿಯ ಅನ್ನವ್ವಗೆ ಭತ್ತದ ಸಸಿ ಹಚ್ಚುವ ದಿನಗಳಲ್ಲಷ್ಟೇ ಸುಖ. ಗದ್ದೆಯಲ್ಲಿ ಎಲ್ಲರ ಸೀರೆಯೂ ತೊಯ್ದಿರುತ್ತದೆ, ಯಾರದು ಯಾತರಿಂದ ತೊಯ್ದಿತೆಂದು ಕೇಳುವವರಿಲ್ಲ. ಉಳಿದ ದಿನಗಳಲ್ಲಿ ಕೆಮ್ಮಿದರೆ ಭಯ, ನಕ್ಕರೆ ಭಯ, ಕೊಡ ಎತ್ತಿದರಂತೂ ಮೂತ್ರ ನಿಲ್ಲದು. ಮೂರು ಹಡೆದ ಮೇಲೆ ಗಂಟುಬಿದ್ದ ಜಡ್ಡು ಅದು. ನಗುವುದನ್ನೇ ಬಿಟ್ಟಳು. ಊರವರು ಸೊಕ್ಕು ಅಂದರು. ಆಡುವವರ ಬಾಯಿಗೆ ಬೀಗ ಹಾಕಲು ಯಾರಿಂದಾದೀತು?

ವ್ಯಾಯಾಮ ಮಾಡಿ ನೋಡಿದ್ದಾಯಿತು, ಗುಣ ಕಾಣಲಿಲ್ಲ. ಕೊನೆಗೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಡಾಕ್ಟರ್ ಶಗುಫ್ತಾ ತಿಳಿಸಿ ಹೇಳಿದರು.

"ಮೂತ್ರಚೀಲದ ಬಾಯಿ ಜೋತು ಬಿದ್ದೈತ್ರಿ, ಎತ್ತಿ ಹೊಲಿಗಿ ಹಾಕಬೇಕು. ಹೊಟ್ಟಿ ಕೊಯ್ದು ಮಾಡಬಹುದು, ಇಲ್ಲಾ ಸಣ್ಣ ತೂತು ಹಾಕಿ ಕ್ಯಾಮೆರಾ ಬಿಟ್ಟು ಮಾಡಬಹುದು. ಗುಣ ಎರಡರಾಗೂ ಹೆಚ್ಚೂಕಡಿಮಿ ಅಷ್ಟ. ತೂತಿಂದಾದ್ರ ನೋವು ಕಡಿಮಿ, ಲಗೂನ ಮನಿಗೆ ಹೋಗ್ತೀರಿ. ಆದ್ರ ಯಾವುದ ಮಾಡಿದ್ರೂ ತಿಂಗಳೊಪ್ಪತ್ತು ಭಾರ ಎತ್ತಂಗಿಲ್ಲ."

"ಹಂಗಾರ ಕೊಯ್ರಿ, ಡಾಕ್ಟರಬಾಯಾರ."

"ಯಾಕ್ರಿ?"

"ಲಗೂನ ಮನಿಗೆ ಹೋದ್ರ ಲಗೂನ ಕೊಡ ಎತ್ತಬೇಕಾಗ್ತೈತ್ರಿ. ಬೆರಳ ತುದಿಯಷ್ಟು ಗಾಯ ತೋರಿಸಿದ್ರ ಯಾರು ನಂಬ್ತಾರ? ಉದ್ದಕ ಕೊಯ್ದಿದ್ರ ನೋಡಿದವರಿಗೂ ಅಂಜಿಕಿ ಇರತೈತಿ."

"ನಾಕು ದಿನ ಮಲಗೂ ಸಲುವಾಗಿ ಹೊಟ್ಟಿ ಕೊಯ್ಸಕೊಂತೀರೇನು?"

ಅನ್ನವ್ವ ವಿಚಾರ ಮಾಡಿದಳು. "ಹಂಗಾದ್ರ ತೂತು ಸಣ್ಣದ ಹಾಕ್ರಿ, ಪಟ್ಟಿ ದೊಡ್ಡದು ಕಟ್ರಿ."

ಅದಕ್ಕೆ ಡಾಕ್ಟರ್ ತಕರಾರು ಮಾಡಲಿಲ್ಲ.

ಆಪರೇಶನ್ ಮುಗಿಸಿ ಬಂದ ಮೇಲೆ ಮನೆಯಲ್ಲಿ ಪಟ್ಟಿಯೇ ಗೆದ್ದಿತು. ಹೊಟ್ಟೆಯ ಈ ಬದಿಯಿಂದ ಆ ಬದಿಯವರೆಗಿನ ಬಿಳಿ ಬಟ್ಟೆ ಕಂಡು ಗಂಡ ಮಡಿವಾಳೆಪ್ಪ ಹೌಹಾರಿದ. ಅತ್ತೆ ನೀಲವ್ವ ಕೊಡ ತಗೊಂಡು ನಳಕ್ಕೆ ನಡೆದಳು. ಅನ್ನವ್ವಗೆ ಎಷ್ಟೋ ವರ್ಷಗಳ ಮೇಲೆ ಹಗಲಲ್ಲಿ ಹಾಸಿಗೆ ಸಿಕ್ಕಿತ್ತು. ಆದರೂ ಹಿಗ್ಗು ಬರಲಿಲ್ಲ, ಎಲುಬಿನೊಳಗಿನ ದಣಿವಷ್ಟೇ ಮೇಲೆದ್ದು ಬಂತು.

ತುಂಬಿದ ಕೊಡ ಹೊತ್ತು ಬಂದ ಅತ್ತೆಗೆ ಹೊಸ್ತಿಲಲ್ಲಿ ಕೆಮ್ಮು ಬಂತು. ಆಕೆ ತಟ್ಟನೆ ನಿಂತು ತೊಡೆ ಒತ್ತಿ ಹಿಡಿದಳು, ಹಿಂದೆ ತಿರುಗಿ ಸೀರೆ ನೋಡಿಕೊಂಡಳು. ಹಾಗೆ ನಿಲ್ಲುವುದು ಅನ್ನವ್ವಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಸೀರೆ ಒಣಹಾಕಿದ್ದರು. ಬೇರೆಯವರ ಪಾಲಿನ ವಿಶ್ರಾಂತಿಯನ್ನು ಕದ್ದು ಮಲಗಿದಂತೆ ಅನ್ನವ್ವಗೆ ಸಂಕಟವಾಯಿತು.

"ಅತ್ತಿ, ನಿಮಗೂ?"

"ಸುಮ್ನ ಮಕ್ಕೋ ಬೇ. ನನಗ ರೂಢಿ ಆಗೈತಿ."

ಕಟ್ಟೆಯ ಮೇಲೆ ಮಡಿವಾಳೆಪ್ಪ ಚಹಾ ಕುಡಿಯುತ್ತಿದ್ದ. ಅನ್ನವ್ವ ಕೂಗಿದಳು. "ಏನ್ರಿ, ಬಂದು ಕೊಡ ತಗೋರಿ."

"ಯಾಕ, ಅವ್ವಗೇನಾಗೈತಿ? ಆಕಿಗೇನು ಆಪರೇಶನ್ ಆಗೈತೇನು?"

ಅನ್ನವ್ವ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಎದ್ದು ಕೂತಳು.

"ಅವರಿಗೂ ಆಗೂದೈತಿ. ಮೊದಲ ಕೊಡ ಇಳಸ್ರಿ."