ಶುಕ್ರವಾರದ ಮುಯ್ಯಿ

ಸೊಣ್ಣಮ್ಮ ಹಟಕ್ಕೆ ಬಿದ್ದರೆ ಎದುರು ಬರುವ ಗಾಡಿಯ ಎತ್ತುಗಳೂ ದಾರಿ ಬಿಡಬೇಕು ಎಂದು ಅಟ್ಟೂರಿನವರು ನಗುತ್ತಿದ್ದರು. ಅರವತ್ತೇಳನೇ ಇಸವಿಯ ಆ ಗುರುವಾರ ಮಾತ್ರ ಯಾರೂ ನಗಲಿಲ್ಲ. ಅವತ್ತು ಅವಳು ಹಟ ಹಿಡಿದದ್ದು ಇಡೀ ಊರಿನ ಮೇಲೆ.

ಅವಳ ಮಗಳು ಪಿಳ್ಳಮ್ಮನ ಹೃದಯದಲ್ಲಿ ಹುಟ್ಟಿದಾಗಿನಿಂದ ತೂತಿತ್ತು. ಸ್ವಲ್ಪ ಓಡಿದರೂ ಮಗುವಿನ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು, ಮಗು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿತ್ತು. ಇನ್ನು ಕಾಯುವ ಹಾಗಿಲ್ಲ ಎಂದಿದ್ದರು ಹೆಬ್ಬಾಳದ ಹತ್ತಿರದ ಮಿಷನ್ ಆಸ್ಪತ್ರೆಯ ಡಾಕ್ಟರ್ ಬದರೀನಾಥ. ಅಲ್ಲಿಗೆ ಹೊಸದಾಗಿ ಒಂದು ಯಂತ್ರ ಬಂದಿತ್ತು. ಹೃದಯವನ್ನು ನಿಲ್ಲಿಸಿ ತೂತನ್ನು ಹೊಲಿಯುವಷ್ಟು ಹೊತ್ತು ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಅದೇ ಮಾಡುತ್ತಿತ್ತು. ಆದರೆ ಮೊದಲು ಅದರ ಕೊಳವೆಗಳನ್ನೆಲ್ಲ ರಕ್ತದಿಂದ ತುಂಬಿಸಬೇಕು, ಅದೂ ಅದೇ ಬೆಳಿಗ್ಗೆ ತೆಗೆದ ಹಸಿ ರಕ್ತ.

ಇದು ಸೊಣ್ಣಮ್ಮನಿಗೆ ಥಟ್ಟನೆ ಅರ್ಥವಾಯಿತು. ಬಾವಿಯ ಪಂಪ್‌ಸೆಟ್ಟಿಗೂ ಮೊದಲು ಬಿಂದಿಗೆ ನೀರು ಹುಯ್ಯದಿದ್ದರೆ ಅದು ಎತ್ತುತ್ತದೆಯೇ? ಅವಳ ರಕ್ತವೂ ಗಂಡನ ರಕ್ತವೂ ಮಗುವಿಗೆ ಹೊಂದಲಿಲ್ಲ. ಊರವರನ್ನು ಕರೆದೊಯ್ದು ಪರೀಕ್ಷೆ ಮಾಡಿಸಿದಳು. ಹೊಂದಿದವರು ಅಗತ್ಯಕ್ಕೆ ಸರಿಯಾಗಿ ಇದ್ದರು. ಒಬ್ಬರು ತಪ್ಪಿದರೂ ಆಪರೇಷನ್ ಇಲ್ಲ. ಎಲ್ಲರೂ ಒಪ್ಪಿಕೊಂಡರು. ದಿನ ಶುಕ್ರವಾರ ಎಂದು ಗೊತ್ತಾದ ಮೇಲೆ ಎಲ್ಲರೂ ಹಿಂದೆ ಸರಿದರು.

ಶುಕ್ರವಾರ ನಮ್ಮ ಕಡೆ ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆಯನ್ನೂ ಕೊಡುವುದಿಲ್ಲ. ಕೊಟ್ಟರೆ ಮನೆಯ ಲಕ್ಷ್ಮಿ ಹೊಸ್ತಿಲು ದಾಟಿಬಿಡುತ್ತಾಳಂತೆ. ಒಂದು ಸೌಟು ಮಜ್ಜಿಗೆಗೆ ಮುನಿದು ಹೊರಡುವ ಲಕ್ಷ್ಮಿಯನ್ನು ಇಟ್ಟುಕೊಂಡು ಏನು ಮಾಡುವುದೋ ನನಗಂತೂ ತಿಳಿಯದು. ಆದರೆ ಹಾಗೆಂದು ಕೇಳುವ ಧೈರ್ಯ ಆಗ ಯಾರಿಗಿತ್ತು?

ಸೊಣ್ಣಮ್ಮ ಡಾಕ್ಟರ ಹತ್ತಿರ ಓಡಿದಳು. ಒಂದೇ ಒಂದು ದಿನ ಮುಂದೆ ಹಾಕಿ ಎಂದು ಕೈ ಮುಗಿದಳು.

"ಆಗಲ್ಲಮ್ಮ," ಎಂದರು ಬದರೀನಾಥ. "ಆ ಮೆಷಿನ್ ನಡೆಸೋರು ಮದ್ರಾಸಿಂದ ಬರ್ತಾರೆ. ಶುಕ್ರವಾರ ಮುಗಿಸ್ಕೊಂಡು ವಾಪಸ್ ಹೋಗ್ತಾರೆ. ಮತ್ತೆ ಬರೋದು ಯಾವಾಗ್ಲೋ. ಅಲ್ಲೀವರೆಗೆ ಮಗು ತಡಿಯಲ್ಲ."

ಅಲ್ಲಿಂದ ಅವಳು ನೆಟ್ಟಗೆ ಹೋದದ್ದು ಮುನಿವೆಂಕಟಯ್ಯನ ಜಗಲಿಗೆ. ರಕ್ತ ಹೊಂದಿದವರಲ್ಲಿ ಹಿರಿಯ ಅವನೇ. ಅವನು ಹೊರಟರೆ ಉಳಿದವರು ಹೊರಡುತ್ತಾರೆ.

"ಶುಕ್ರವಾರ ಉಪ್ಪೇ ಕೊಡಾಕಿಲ್ಲ, ರಗ್ತ ಕೊಡ್ತೀವಾ ತಾಯಿ?" ಎಂದ ಅವನು. "ಬ್ಯಾರೆ ದಿನ ಯೋಳು, ಎಲ್ಡು ಸೀಸೆ ತಗ."

"ಕೊಡು ಅಂತ ನಾನೆಲ್ಲಣ್ಣಾ ಕೇಳ್ದೆ? ಮುಯ್ಯಿ ತೀರ್ಸು ಅಂತ ಬಂದಿವ್ನಿ."

ಕೂಲಿಯಿಲ್ಲದೆ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿಯುವುದು, ಅವರ ಹೊಲಕ್ಕೆ ಇವರು ಹೋಗಿ ಅದನ್ನು ತೀರಿಸುವುದು, ಇದೇ ಮುಯ್ಯಿ. ಅದಕ್ಕೆ ವಾರ, ತಿಥಿ ಅಡ್ಡ ಬರುವುದಿಲ್ಲ. ಹದಕ್ಕೆ ಬಂದ ಪೈರು ಒಳ್ಳೆಯ ದಿನ ಬರಲಿ ಎಂದು ಕಾಯುತ್ತದೆಯೇ?

"ನಿನ್ ರಾಗಿ ಕುಯ್ಲಿಗೆ ನಾನು ಬರ್ಲಿಲ್ವಾ? ಇದೇ ಮಗೀನ ಮರದ್ ನೆಳ್ಳಾಗೆ ಮಲಗ್ಸಿ ಬಂದಿದ್ದೆ. ಅವತ್ತೂ ಶುಕ್ರವಾರನೇ ಕಣಣ್ಣಾ."

"ಅದು ಮೈ ಕೆಲ್ಸ," ಎಂದು ಗೊಣಗಿದ ಮುನಿವೆಂಕಟಯ್ಯ.

"ರಗ್ತ ಮೈಯಾಗಿಂದಲ್ದೆ ಇನ್ನೆಲ್ಲಿಂದ ಬರ್ತೈತೆ?"

ಒಳಗೆ ಹಿಟ್ಟು ತಿರುವುತ್ತಿದ್ದ ಅವನ ಹೆಂಡತಿ ಕೃಷ್ಣಮ್ಮ ಅಲ್ಲಿಂದಲೇ ಮಾತು ಎಸೆದಳು. "ಎಣ್ಣೆಂಗ್ಸಿನ ಮುಯ್ಯಿ ಉಳಿಸ್ಕಂಡು ಊರಾಗೆ ಎಂಗೆ ತಲೆ ಎತ್ಕಂಡು ತಿರುಗ್ತೀಯ? ಓಗು ಸುಮ್ಕೆ."

ಆ ಸಂಜೆ ಸೊಣ್ಣಮ್ಮ ಉಳಿದವರ ಜಗಲಿಗಳನ್ನೂ ಬಿಡಲಿಲ್ಲ. ಎಲ್ಲರ ಹೊಲದಲ್ಲೂ ಅವಳು ಬೆವರು ಸುರಿಸಿದ್ದಳು.

ಶುಕ್ರವಾರ ಬೆಳಿಗ್ಗೆ ಎಲ್ಲರೂ ತರಕಾರಿ ಲಾರಿ ಹತ್ತಿದರು. ಆಸ್ಪತ್ರೆಯಲ್ಲಿ ಮೊದಲು ತೋಳು ಚಾಚಿದವನೂ ಮುನಿವೆಂಕಟಯ್ಯನೇ, ಸೂಜಿ ನೋಡಿ ಕಣ್ಣು ಮುಚ್ಚಿಕೊಂಡವನೂ ಅವನೇ. ಸೀಸೆಗಳು ತುಂಬಿ ಒಳಗೆ ಹೋದವು, ಹಿಂದೆಯೇ ಪಿಳ್ಳಮ್ಮನೂ ಹೋದಳು. ಬಾಗಿಲು ಮುಚ್ಚಿತು. ಊಟಕ್ಕೆ ಏಳಿ ಎಂದರೆ ಯಾರೂ ಏಳಲಿಲ್ಲ.

ಮಧ್ಯಾಹ್ನ ತಿರುಗಿದ ಮೇಲೆ ಬದರೀನಾಥ ಹೊರಗೆ ಬಂದರು. ಮುಖ ಬಾಡಿತ್ತು, ಅಂಗಿ ಬೆವರಿಗೆ ಒದ್ದೆಯಾಗಿತ್ತು.

"ಮೆಷಿನ್ ನಿಲ್ಲಿಸಿದ್ವಮ್ಮ," ಎಂದರು.

ಸೊಣ್ಣಮ್ಮ ಅವರಿಗೆ ಅಡ್ಡ ನಿಂತು ಕೈ ಮುಗಿದಳು. "ನಿಲ್ಲಿಸ್ಬ್ಯಾಡಿ ಸ್ವಾಮಿ. ರಗ್ತ ಸಾಲ್ದಿದ್ರೆ ಇನ್ನೂ ತತ್ತೀನಿ. ಊರೂರು ತಿರುಗಿ ತತ್ತೀನಿ."

ಮುನಿವೆಂಕಟಯ್ಯ ಮುಂದೆ ಬಂದು ಇನ್ನೊಂದು ತೋಳಿನ ಅಂಗಿಯನ್ನು ಮೇಲೆ ಮಡಿಸಿದ.

ಡಾಕ್ಟರು ಒಂದು ಕ್ಷಣ ಇಬ್ಬರನ್ನೂ ನೋಡಿದರು. "ಇನ್ನು ಬೇಡಮ್ಮ," ಎಂದರು ಮೆಲ್ಲಗೆ. "ಮಗು ಹೃದಯ ತಾನಾಗೇ ಹೊಡ್ಕೊಳ್ತಿದೆ. ಅದಕ್ಕೇ ನಿಲ್ಲಿಸಿದ್ದು."

ಅಷ್ಟು ದಿನ ಕಣ್ಣಲ್ಲಿ ಒಂದು ಹನಿ ತರದಿದ್ದ ಸೊಣ್ಣಮ್ಮ ಅಲ್ಲೇ ನೆಲಕ್ಕೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ತೋಳು ಚಾಚಿಕೊಂಡೇ ನಿಂತಿದ್ದ ಮುನಿವೆಂಕಟಯ್ಯನೂ ಅತ್ತ.