ಕೊಡೆಯ ಪಟ್ಟಿಯ ಮೇಲಿನ ಊರು

ಕೊಡೆ ಮೇಸ್ತ್ರಿಗೆ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಟ್ಟಿಟ್ಟ ಪೆಟ್ಟಿಗೆಗಳನ್ನು ತಟ್ಟಿ ನೋಡುವುದು, ಲಾರಿ ಬಂತಾ ಅಂತ ಬಾಗಿಲಲ್ಲಿ ಇಣುಕುವುದು, ಇದೇ ಆಯಿತು. ಪಾಪ, ಅವನ ಸಂಕಟವೇನು ಸಣ್ಣದೇ? ಹೊರದೇಶದ ಅಗ್ಗದ ಕೊಡೆಗಳು ಬಂದು ಅವನ ವ್ಯಾಪಾರ ನೆಲಕಚ್ಚಿತ್ತು. ಈಗ ಪಕ್ಕದ ದೇಶದ ಅಂಗಡಿಯವರೊಬ್ಬರು ಮೊದಲ ಸಲ ಆರ್ಡರ್ ಕೊಟ್ಟಿದ್ದರು. ಇದೂ ಕೈಕೊಟ್ಟರೆ ಹೊಲಿಗೆ ಯಂತ್ರ ಮಾರಿ ಶೆಡ್ಡಿಗೆ ಬೀಗ ಹಾಕುವುದೊಂದೇ ಬಾಕಿ.

ಅಷ್ಟರಲ್ಲಿ ನಾದಿನಿ ಬಂದಳು. ಬಂದರಿನಲ್ಲಿ ಸರಕು ಬಿಡಿಸಿಕೊಡುವ ಕಚೇರಿಯಲ್ಲಿ ಅವಳಿಗೆ ಕೆಲಸ.

"ಯಾಕೆ ಭಾವ ಇಷ್ಟು ಒದ್ದಾಡ್ತೀರ? ಎರಡೂ ಸರ್ಕಾರ ಕೂತು ಒಪ್ಪಂದ ಮಾಡ್ಕೊಂಡಿವೆ. ನಮ್ಮ ಕೊಡೆಗೆ ಅಲ್ಲಿ ಇನ್ಮೇಲೆ ಸುಂಕ ಇಲ್ಲ."

"ಹೋಗಮ್ಮ! ದೊಡ್ಡವರು ಕೈಕುಲುಕಿ ಫೋಟೋ ತೆಗೆಸ್ಕೋತಾರೆ. ನಮ್ಮಂಥೋರಿಗೆ ಏನು ಬಂತು?"

"ಸುಂಕ ಸೇರಿ ದುಬಾರಿ ಆಗಿದ್ದಕ್ಕೇ ಇಷ್ಟು ದಿನ ಅಲ್ಲಿ ಯಾರೂ ನಿಮ್ಮ ಕೊಡೆ ಮುಟ್ಟಲಿಲ್ಲ. ಈಗ ಮುಟ್ತಾರೆ. ಹಾಗಂತ ಮೈಮರೀಬೇಡಿ, ಅವರ ಸರಕೂ ನಮ್ಮ ಪೇಟೆಗೆ ಸಲೀಸಾಗಿ ಬರುತ್ತೆ. ಯಾವುದಕ್ಕೆ ಸುಂಕ ಬಿಡಬೇಕು, ಯಾವುದಕ್ಕೆ ಬಿಡಬಾರದು ಅಂತ ಮಾತುಕತೆ ನಡೆಯುವಾಗಲೇ ಕಸುಬಿನವರು ಬಾಯಿಬಿಟ್ಟು ಹೇಳ್ಬೇಕು."

ಹಾಗೆನ್ನುತ್ತಾ ಅವಳು ಒಂದು ಕೊಡೆ ಎತ್ತಿಕೊಂಡಳು. ಅದನ್ನು ಮಡಿಸಿ ಕಟ್ಟುವ ಪಟ್ಟಿಯ ಮೇಲೆ ಕಣ್ಣು ಬಿತ್ತು.

"ಏನ್ ಭಾವ ಇದು? ದೂರದ ಯಾವುದೋ ದೇಶದ ಹೆಸರು ಹೊಲಿದಿದ್ದೀರಲ್ಲ!"

ಮೇಸ್ತ್ರಿ ಮೀಸೆಯಲ್ಲೇ ನಕ್ಕ. "ಅದೇ ಗುಟ್ಟು ಕಣಮ್ಮ. ಫಾರಿನ್ ಅಂದ್ರೆ ಜನ ಮುಗಿಬೀಳ್ತಾರೆ. ಈ ಬೀದೀಲಿ ಎಲ್ಲರೂ ಹೀಗೇ ಮಾಡೋದು."

"ನಿಮ್ಮ ಬುದ್ಧಿಗಿಷ್ಟು! ಸುಂಕ ಬಿಡೋದು ಇಲ್ಲಿ ತಯಾರಾದ ಮಾಲಿಗೆ ಮಾತ್ರ. ಇದು ಇಲ್ಲೇ ಮಾಡಿದ್ದು ಅಂತ ಮಾಲಿನ ಜೊತೆ ಹೋಗೋ ಪ್ರಮಾಣಪತ್ರ ಹೇಳುತ್ತೆ, ಅಲ್ಲ ಅಂತ ಕೊಡೆ ಹೇಳುತ್ತೆ. ಅಲ್ಲಿನವರು ಯಾವುದನ್ನ ನಂಬಬೇಕು? ಮಾಲು ತಡೆದು ನಿಲ್ಲಿಸ್ತಾರೆ. ಪೂರ್ತಿ ಸುಂಕದ ಜೊತೆ ದಂಡನೂ ಬೀಳಬಹುದು."

ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. ಅದೇ ಹೊತ್ತಿಗೆ ಹೊರಗೆ ಲಾರಿಯ ಹಾರ್ನ್ ಬೇರೆ!

"ತಲೆ ಮೇಲೆ ಕೈ ಹೊತ್ಕೊಂಡು ಕೂತ್ರೆ ಆಗಲ್ಲ, ಏಳ್ರೀ," ಎಂದಳು ಒಳಗಿನಿಂದ ಬಂದ ಹೆಂಡತಿ. ಪೆಟ್ಟಿಗೆಗಳನ್ನೆಲ್ಲ ಒಡೆದರು. ನಾದಿನಿಯೂ ಸೆರಗು ಸಿಕ್ಕಿಸಿ ಪಟ್ಟಿಗಳ ಮೇಲಿನ ಹೆಸರಿನ ಹೊಲಿಗೆ ಬಿಚ್ಚಲು ಕೂತಳು.

ಹೆಂಡತಿ ಮಾತ್ರ ಮೂಲೆಗೆ ಹೋಗಿ ಕೊಡೆಕಡ್ಡಿಯ ಕಟ್ಟುಗಳನ್ನು ಬಿಚ್ಚತೊಡಗಿದಳು. ಕಟ್ಟು ಕಟ್ಟಲು ಬಳಸಿದ್ದ ಟೇಪಿನ ಉದ್ದಕ್ಕೂ ಅವರ ಊರಿನ ಹೆಸರು, ದೇಶದ ಹೆಸರು ಅಂದವಾಗಿ ನೇಯ್ದಿತ್ತು. ಮದುವೆಯಾದ ಹೊಸದರಲ್ಲಿ ಅವಳೇ ಆಸೆಪಟ್ಟು ಮಾಡಿಸಿದ್ದು. "ಈ ಊರಿನ ಹೆಸರು ನೋಡಿ ಯಾರು ತಗೋತಾರೆ?" ಅಂತ ಮೇಸ್ತ್ರಿ ಆವತ್ತೇ ಮೂಲೆಗೆ ಎಸೆದಿದ್ದ. ಅಂದಿನಿಂದ ಅದು ಕಡ್ಡಿ ಕಟ್ಟಲಷ್ಟೇ ಬಳಕೆಯಾಗುತ್ತಿತ್ತು.

ಅವಳು ಟೇಪು ಕತ್ತರಿಸಿ ಪಟ್ಟಿಗಳಿಗೆ ಹೊಲಿಯಲು ಯಂತ್ರಕ್ಕೆ ಕೂತಳು. ಮೇಸ್ತ್ರಿಗೆ ನಾಚಿಕೆಯಾಯಿತು. ತಾನೂ ಪಕ್ಕದ ಯಂತ್ರ ತುಳಿಯತೊಡಗಿದ.

"ಎಷ್ಟೊತ್ತು ಮೇಸ್ತ್ರಿ? ಹಡಗೇನು ನಮ್ಮ ಮಾವನದಾ, ಕಾಯ್ಕೊಂಡು ನಿಲ್ಲೋಕೆ?" ಎಂದು ಲಾರಿಯವನು ಗೊಣಗುತ್ತಲೇ ಇದ್ದ. ಕೊನೆಯ ಪೆಟ್ಟಿಗೆ ಏರಿಸುವ ತನಕ ಯಾರ ಬಾಯಿಗೂ ತುತ್ತು ಅನ್ನ ಹೋಗಲಿಲ್ಲ.

ಹಡಗು ತಲುಪಿ ಸುದ್ದಿ ಬರುವವರೆಗೆ ಮೇಸ್ತ್ರಿಗೆ ನಿದ್ದೆ ಅಷ್ಟಕ್ಕಷ್ಟೇ. ಕಡೆಗೊಂದು ದಿನ ಆ ಕಡೆಯ ಅಂಗಡಿಯವರ ಫೋನ್ ಬಂತು. ಮಾಲು ಸುಂಕವಿಲ್ಲದೆ ಬಿಡುಗಡೆಯಾಗಿತ್ತು. "ಇದು ಯಾವ ಊರು ಸ್ವಾಮಿ? ಗಿರಾಕಿಗಳು ಇದೇ ಊರಿನ ಕೊಡೆ ಕೇಳ್ತಿದ್ದಾರೆ," ಎಂದರು ಅವರು.

ಮೇಸ್ತ್ರಿ ಫೋನನ್ನು ಹೆಂಡತಿಯ ಕೈಗಿಟ್ಟ. "ನಿನ್ನ ಕೊಡೆ ಕೇಳ್ತಿದ್ದಾರೆ ಕಣೇ, ನೀನೇ ಮಾತಾಡು."

ಕಸುಬಿನ ಅಕ್ಕ ಅಣ್ಣಂದಿರೇ, ಒಪ್ಪಂದ ದೊಡ್ಡವರದು ಅಂತ ದೂರ ನಿಲ್ಲಬೇಡಿ. ನಿಮ್ಮ ಸರಕಿಗೆ ಯಾವ ದೇಶದಲ್ಲಿ ಸುಂಕ ಕಡಿಮೆ, ಅದಕ್ಕೆ ಎಷ್ಟು ಕೆಲಸ ಇಲ್ಲೇ ಆಗಿರಬೇಕು ಅಂತ ಹತ್ತಿರದ ಕೈಗಾರಿಕಾ ಕಚೇರಿಯಲ್ಲಿ ಮೊದಲೇ ಕೇಳಿ. ಸರ್ಕಾರ ಅಭಿಪ್ರಾಯ ಕೇಳಿದಾಗ ಸಂಘವಾಗಿ ಹೋಗಿ ಹೇಳಿ. ನಿಮ್ಮ ಕೈಯಿಂದ ಆದದ್ದಕ್ಕೆ ನಿಮ್ಮೂರಿನ ಹೆಸರನ್ನೇ ಹೊಲಿಯಿರಿ.